ಡಬಲ್ ಕ್ಯಾಬ್ ಪಿಕಪ್‌ನ ಹಿಂದಿನ ಸೀಟನ್ನು ಮನೆಯಲ್ಲೇ ಸುಧಾರಿಸಿಕೊಳ್ಳುವುದು ಹೇಗೆ?

ಪ್ರಶ್ನೆ: ಮೂಡಿಗೆರೆ ತೋಟಗಾರ

ಎಲ್ಲರಿಗೂ ನಮಸ್ಕಾರ. ನಮ್ಮ ಮನೆಯಲ್ಲಿರುವುದು ಒಂದು ಹಳೆಯ ಬೊಲೆರೊ ಕ್ಯಾಂಪರ್, ಎಂದರೆ ಎರಡು ಸಾಲು ಸೀಟು, ಹಿಂದೆ ಸರಕಿನ ತೊಟ್ಟಿ ಇರುವ ಡಬಲ್ ಕ್ಯಾಬ್ ಪಿಕಪ್. ತೋಟಕ್ಕೆ ಗೊಬ್ಬರ, ಡೀಸೆಲ್ ತರುವುದಕ್ಕೂ ಕಾಫಿ ಮೂಟೆ ಸಾಗಿಸುವುದಕ್ಕೂ ಇದೇ ಗಾಡಿ. ತಾಯಿಯವರನ್ನು ವೈದ್ಯರಿಗೆ ತೋರಿಸಲು ಚಾರ್ಮಾಡಿ ಘಾಟಿ ಇಳಿದು ಮಂಗಳೂರಿಗೆ ಹೋಗುವುದಕ್ಕೂ ಇದೇ. ಹಿಂದಿನ ಸೀಟಿನ ಒರಗು ಕ್ಯಾಬಿನ ಗೋಡೆಗೆ ತಾಗಿಕೊಂಡು ತೀರಾ ನೆಟ್ಟಗಿದೆ, ಕೂರುವ ಭಾಗ ಗಿಡ್ಡವಾಗಿದೆ, ಫೋಮ್ ನಡುವೆ ಕುಸಿದಿದೆ. ಕೊಟ್ಟಿಗೆಹಾರ ತಲುಪುವಷ್ಟರಲ್ಲೇ ತಾಯಿಯವರಿಗೆ ಸೊಂಟನೋವು ಶುರುವಾಗುತ್ತದೆ. ಜೊತೆಗೆ ಇಬ್ಬರು ಚಿಕ್ಕ ಮಕ್ಕಳೂ ಹಿಂದೆಯೇ ಕೂರುತ್ತಾರೆ.

ಕುಶನ್ ಅಂಗಡಿಯವರು ಹಳೆಯ ಫೋಮ್ ಪೂರ್ತಿ ತೆಗೆದು ದಪ್ಪನೆಯ ಮೆತ್ತನೆ ಫೋಮ್ ಹಾಕೋಣ ಎನ್ನುತ್ತಾರೆ. ಪರಿಚಯದ ಮೆಕ್ಯಾನಿಕ್ ಒಬ್ಬರು ಉದ್ದನೆಯ ಬೋಲ್ಟ್ ಹಾಕಿ ಸೀಟಿನ ಬುಡವನ್ನು ಮುಂದಕ್ಕೆ ತಂದರೆ ಒರಗು ವಾಲಿಕೊಳ್ಳುತ್ತದೆ ಎಂದರು. ಕಡಿಮೆ ಖರ್ಚಿನಲ್ಲಿ ನಾವೇ ಮಾಡಿಕೊಳ್ಳಬಹುದಾದದ್ದು ಯಾವುದು, ಕೈಹಾಕಲೇಬಾರದ್ದು ಯಾವುದು ಎಂದು ಬಲ್ಲವರು ತಿಳಿಸಬೇಕಾಗಿ ವಿನಂತಿ.

ಉತ್ತರ: ಕುಶನ್ ಕೆಲಸ

ನಮಸ್ಕಾರ ಸರ್. ಮೊದಲು ಒಂದು ವಿಷಯವನ್ನು ಸ್ಪಷ್ಟವಾಗಿ ಹೇಳುತ್ತೇನೆ: ನಿಮ್ಮ ಸೀಟಿನ ಮುಖ್ಯ ದೋಷ ಅದರ ಕೋನದಲ್ಲಿದೆ, ಗಟ್ಟಿತನದಲ್ಲಿ ಅಲ್ಲ. ಡಬಲ್ ಕ್ಯಾಬ್ ಗಾಡಿಗಳಲ್ಲಿ ಹಿಂದಿನ ಒರಗಿನ ಬೆನ್ನಿಗೇ ಕ್ಯಾಬಿನ ಗೋಡೆ ಇರುವುದರಿಂದ ಒರಗನ್ನು ವಾಲಿಸಲು ತಯಾರಕರಿಗೆ ಜಾಗವೇ ಸಿಗುವುದಿಲ್ಲ. ಹೀಗಿರುವಾಗ ಮೆತ್ತನೆ ಫೋಮ್ ಹಾಕಿದರೆ ಅಂಗಡಿಯಲ್ಲಿ ಕುಳಿತಾಗ ಹಿತವೆನಿಸುತ್ತದೆ. ಘಾಟಿಯ ತಿರುವುಗಳಲ್ಲಿ ಮಾತ್ರ ಸೊಂಟ ಫೋಮಿನೊಳಗೆ ಇಳಿದು, ಮಂಡಿ ಮೇಲೆದ್ದು, ನೋವು ಹೆಚ್ಚುತ್ತದೆ.

ಬೋಲ್ಟ್ ಮುಟ್ಟದೆ ಕೋನವನ್ನು ಫೋಮಿನಿಂದಲೇ ಸರಿಪಡಿಸಬಹುದು. ತುಂಡು ಫೋಮುಗಳನ್ನು ಒತ್ತಿ ಮಾಡಿದ, ಬಣ್ಣಬಣ್ಣದ ಚುಕ್ಕೆಗಳಿರುವ ರಿಬಾಂಡೆಡ್ ಫೋಮ್ ತೆಗೆದುಕೊಳ್ಳಿ. 80ರಿಂದ 100 ಡೆನ್ಸಿಟಿಯದು (ಘನ ಮೀಟರಿಗೆ ಅಷ್ಟು ಕಿಲೋ ತೂಗುವಂಥದ್ದು) ಸಾಕು. ಅದನ್ನು ಹ್ಯಾಕ್ಸಾ ಬ್ಲೇಡಿನಿಂದ ಇಳಿಜಾರಾಗಿ ಕೊಯ್ದು, ಒರಗಿನ ಬುಡದಲ್ಲಿ 2 ಅಂಗುಲ ದಪ್ಪ, ಭುಜದ ಮಟ್ಟಕ್ಕೆ ಬರುವಾಗ ಏನೂ ಇಲ್ಲದಂತೆ ಮಾಡಿ. ಒರಗಿನ ಎತ್ತರ 20 ಅಂಗುಲವಿದ್ದರೆ ಇಷ್ಟರಿಂದಲೇ ಸುಮಾರು 6 ಡಿಗ್ರಿ ವಾಲು ಸಿಗುತ್ತದೆ. ಕೂರುವ ಭಾಗದಲ್ಲಿ ಇದಕ್ಕೆ ತಿರುಗುಮುರುಗು: ಮುಂಭಾಗದ ಅಂಚಿನ ಕೆಳಗೆ 1 ಅಂಗುಲ ಏರಿಸಿ, ಹಿಂದಕ್ಕೆ ಬರುತ್ತಾ ಇಳಿಸಿ. ಆಗ ತೊಡೆಗೆ ಆಸರೆ ಸಿಗುತ್ತದೆ, ಬ್ರೇಕ್ ಹಾಕಿದಾಗ ದೇಹ ಮುಂದಕ್ಕೆ ಜಾರುವುದೂ ಕಡಿಮೆಯಾಗುತ್ತದೆ. ಇವೆರಡರ ಮೇಲೆ 40 ಡೆನ್ಸಿಟಿಯ ಎಚ್‌ಆರ್ ಫೋಮಿನ (ಒತ್ತಿ ಬಿಟ್ಟರೆ ಬೇಗ ಪುಟಿದೇಳುವ ಫೋಮ್) ಒಂದು ತೆಳು ಪದರ ಹೊದಿಸಿದರೆ ಸಾಕು. ಇದರಲ್ಲಿ ಒಂದು ನಷ್ಟವೂ ಇದೆ. ಒರಗಿನ ಬುಡ ದಪ್ಪವಾದಷ್ಟು ಕೂರುವ ಆಳ ಕಡಿಮೆಯಾಗಿ, ಮಂಡಿ ಮುಂದಿನ ಸೀಟಿಗೆ ಹತ್ತಿರವಾಗುತ್ತದೆ. ಉದ್ದ ಕಾಲಿನವರು ಹಿಂದೆ ಕೂರುವುದಾದರೆ ಒಂದೂವರೆ ಅಂಗುಲಕ್ಕೇ ನಿಲ್ಲಿಸಿ.

ಅಂಟು ಹಾಕುವ ಮೊದಲು ಕೊಯ್ದ ತುಂಡುಗಳನ್ನು ಸೀಟಿನ ಮೇಲಿಟ್ಟು, ಬೆಡ್‌ಶೀಟ್ ಬಿಗಿದು, ತಾಯಿಯವರನ್ನು ಅರ್ಧ ಗಂಟೆ ಕೂರಿಸಿ ನೋಡಿ. ಎಲ್ಲಿ ಒತ್ತುತ್ತದೆ, ಎಲ್ಲಿ ಖಾಲಿ ಬಿಡುತ್ತದೆ ಎಂದು ಅವರೇ ಹೇಳುತ್ತಾರೆ. ಅದಕ್ಕೆ ತಕ್ಕಂತೆ ಕೆತ್ತಿ. ಬಳಿಕ ಎಸ್‌ಆರ್ 998ನಂಥ ರಬ್ಬರ್ ಅಂಟನ್ನು ಎರಡೂ ಮೈಗೆ ತೆಳುವಾಗಿ ಸವರಿ, ಕೈಗೆ ಹತ್ತದಷ್ಟು ಒಣಗಿದ ಮೇಲೆ ಜೋಡಿಸಿ. ಅಂಟಿನ ವಾಸನೆ ತಲೆಸುತ್ತು ತರುವುದರಿಂದ ಕೆಲಸವನ್ನು ಗಾಡಿಯ ಹೊರಗೆ, ಬೆಂಕಿಯಿಂದ ದೂರವಿದ್ದು ಮಾಡಬೇಕು.

ಉತ್ತರ: ಸುರಕ್ಷತೆ ಮೊದಲು

ಮೇಲಿನ ಸಲಹೆ ಸರಿಯಾಗಿದೆ. ಬೋಲ್ಟಿನ ವಿಷಯದಲ್ಲಿ ನಾನು ಇನ್ನೂ ಖಡಾಖಂಡಿತವಾಗಿ ಹೇಳುತ್ತೇನೆ: ಅದನ್ನು ಮುಟ್ಟಬೇಡಿ. ಸೀಟನ್ನು ನೆಲಕ್ಕೆ ಬಿಗಿಯುವ ಜಾಗಗಳು ಅಪಘಾತದ ಹೊಡೆತವನ್ನು ತಾಳುವಂತೆ ಬಲಪಡಿಸಿದವು. ಬೋಲ್ಟ್ ಮತ್ತು ತಗಡಿನ ನಡುವೆ ಬುಷ್ (ಕೊಳವೆಯಂಥ ಲೋಹದ ತುಂಡು) ತೂರಿಸಿ ಅಂತರ ಕೊಟ್ಟರೆ, ಹೊಡೆತ ಬಿದ್ದಾಗ ಬೋಲ್ಟ್ ಬಾಗುತ್ತದೆ. ಕೆಲವು ಗಾಡಿಗಳಲ್ಲಿ ಬೆಲ್ಟಿನ ಬಕಲ್ ಕೂಡ ಅದೇ ಜಾಗಕ್ಕೆ ಬಿಗಿದಿರುತ್ತದೆ.

ಫೋಮ್ ದಪ್ಪವಾದಾಗ ಬಕಲ್ ಅದರೊಳಗೆ ಹೂತುಹೋಗುವುದು ಸಾಮಾನ್ಯ. ಬಕಲ್ ಸಿಗದಿದ್ದರೆ ಹಿಂದೆ ಕೂತವರು ಬೆಲ್ಟ್ ಹಾಕುವುದನ್ನೇ ಬಿಟ್ಟುಬಿಡುತ್ತಾರೆ. ಆದ್ದರಿಂದ ಫೋಮಿನಲ್ಲೂ ಕವರಿನಲ್ಲೂ ಬಕಲ್ ಹೊರಬರಲು ಸೀಳು ಬಿಡಿ. ಬೆಲ್ಟಿನ ಕೆಳಪಟ್ಟಿ ಹೊಟ್ಟೆಯ ಮೇಲಲ್ಲ, ಸೊಂಟದ ಮೂಳೆಯ ಮೇಲೆ ಕೂರುತ್ತದೆಯೇ ಎಂದು ಪ್ರತಿಯೊಬ್ಬರನ್ನೂ ಕೂರಿಸಿ ನೋಡಿ. ಬೆಲ್ಟ್ ಕಟ್ಟದೆ ಗಾಡಿ ಓಡಿಸುವವರಿಗೂ ಬೆಲ್ಟ್ ಕಟ್ಟದವರನ್ನು ಕರೆದೊಯ್ಯುವವರಿಗೂ ಮೋಟಾರು ವಾಹನ ಕಾಯ್ದೆಯ 194ಬಿ ಕಲಂ 1,000 ರೂಪಾಯಿ ದಂಡ ವಿಧಿಸುತ್ತದೆ. 14 ವರ್ಷದೊಳಗಿನ ಮಕ್ಕಳನ್ನು ಬೆಲ್ಟ್ ಅಥವಾ ಮಕ್ಕಳ ಸೀಟಿನಲ್ಲಿ ಭದ್ರಪಡಿಸದೆ ಕರೆದೊಯ್ದರೂ ಅಷ್ಟೇ ದಂಡ. ದಂಡಕ್ಕಿಂತ ಮಕ್ಕಳ ಕತ್ತು ದೊಡ್ಡದು. ಬೆಲ್ಟಿನ ಮೇಲ್ಪಟ್ಟಿ ಮಕ್ಕಳ ಕುತ್ತಿಗೆಗೆ ತಾಗುತ್ತಿದ್ದರೆ ದಿಂಬು ಹಾಕಿ ಏರಿಸಬೇಡಿ. ಬೆಲ್ಟ್ ಹಾಯಲು ಕೊಕ್ಕೆಯಿರುವ ಬೂಸ್ಟರ್ ಸೀಟನ್ನೇ (ಮಕ್ಕಳನ್ನು ಎತ್ತರಿಸಿ ಕೂರಿಸುವ ಗಟ್ಟಿ ಸೀಟು) ಕೊಳ್ಳಿ.

ಉತ್ತರ: ಘಾಟಿ ಚಾಲಕ

ಸೀಟಿನಷ್ಟೇ ದೋಷ ಗಾಡಿಯ ಹಿಂದಿನ ಸ್ಪ್ರಿಂಗ್ ಪಟ್ಟಿಗಳಲ್ಲೂ ಇದೆ. ಪಿಕಪ್‌ನ ಹಿಂದಿನ ಲೀಫ್ ಸ್ಪ್ರಿಂಗ್ ಭಾರ ಹೊರಲೆಂದೇ ಮಾಡಿದ್ದಾದ್ದರಿಂದ ಖಾಲಿ ಗಾಡಿ ಪುಟಿಯುತ್ತದೆ, ಆ ಪುಟಿತವೆಲ್ಲ ಹಿಂದೆ ಕೂತವರ ಬೆನ್ನಿಗೆ ಬರುತ್ತದೆ. ಟೈರಿನ ಗಾಳಿಯನ್ನು ಖಾಲಿ ಗಾಡಿಗೆ ಕಂಪನಿ ಹೇಳಿದಷ್ಟಕ್ಕೆ ತನ್ನಿ; ಮೂಟೆ ಹೇರಿದಾಗಿನ ಗಾಳಿಯಲ್ಲೇ ಮಂಗಳೂರಿಗೆ ಹೊರಡುವವರು ಬಹಳ. ಒಂದೆರಡು ಮೂಟೆ ಭಾರವನ್ನು ತೊಟ್ಟಿಯಲ್ಲಿ ಹಿಂದಿನ ಆಕ್ಸಲಿಗಿಂತ ತುಸು ಮುಂದೆ ಇಟ್ಟು, ಅಲುಗದಂತೆ ಹಗ್ಗ ಬಿಗಿದರೆ ಆಗುವ ವ್ಯತ್ಯಾಸ ಮೊದಲ ಗುಂಡಿಯಲ್ಲೇ ತಿಳಿಯುತ್ತದೆ.

ಒರಗು ಬಿಚ್ಚಿದಾಗ ಹಿಂಗೋಡೆಯ ತಗಡಿಗೆ ಬ್ಯುಟೈಲ್ ಡ್ಯಾಂಪಿಂಗ್ ಶೀಟ್ (ಅದುರು ತಗ್ಗಿಸುವ ರಬ್ಬರ್ ಹಾಳೆ) ಅಂಟಿಸಿಬಿಡಿ. ತಗಡು ಗುಂಯ್ ಎನ್ನುವುದು ನಿಲ್ಲುತ್ತದೆ. ಸೀಟಿನಡಿ ಜ್ಯಾಕ್, ಪಾನೆಗಳು ಸಡಿಲವಾಗಿದ್ದರೆ ಅವನ್ನೂ ಪಟ್ಟಿಯಿಂದ ಕಟ್ಟಿ.

ಪ್ರಶ್ನೆ: ಮೂಡಿಗೆರೆ ತೋಟಗಾರ

ಮೂವರಿಗೂ ಅನಂತ ಧನ್ಯವಾದಗಳು. ಬೋಲ್ಟಿನ ಯೋಚನೆಯನ್ನು ಕೈಬಿಟ್ಟಿದ್ದೇನೆ. ಇನ್ನೊಂದು ಸಂದೇಹ: ನಮ್ಮಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಒದ್ದೆ ಕೊಡೆ, ಒದ್ದೆ ಜರ್ಕಿನ್ ಎಲ್ಲವೂ ಸೀಟಿನ ಮೇಲೆಯೇ. ಕವರಿಗೆ ಬಟ್ಟೆ ಒಳ್ಳೆಯದೋ ರೆಕ್ಸಿನ್ನೋ?

ಉತ್ತರ: ಕುಶನ್ ಕೆಲಸ

ನಿಮ್ಮ ಮಳೆಗೆ ರೆಕ್ಸಿನ್ನೇ ಸರಿ, ಏಕೆಂದರೆ ಬಟ್ಟೆ ಕವರ್ ಒಮ್ಮೆ ನೆನೆದರೆ ಒಳಗಿನ ಫೋಮ್ ವಾರಗಟ್ಟಲೆ ಒಣಗದೆ ಬೂಸ್ಟು ಹಿಡಿಯುತ್ತದೆ. ಆದರೆ ರೆಕ್ಸಿನ್ ಮೇಲೆ ಕೂತವರು ಜಾರುತ್ತಾರೆ, ಕರಾವಳಿಯ ಸೆಕೆಯಲ್ಲಿ ಬೆನ್ನು ಬೆವರುತ್ತದೆ. ಅದಕ್ಕಾಗಿ ಬೆನ್ನು ಮತ್ತು ತೊಡೆ ತಾಗುವ ನಡುಭಾಗಕ್ಕೆ ಸಣ್ಣ ರಂಧ್ರಗಳಿರುವ ರೆಕ್ಸಿನ್, ಅಂಚುಗಳಿಗೆ ಸಾದಾ ರೆಕ್ಸಿನ್ ಹಾಕಿಸಿ. ರಂಧ್ರಗಳಿಂದ ನೀರಿಳಿಯದಂತೆ ಒದ್ದೆ ಸಾಮಾನುಗಳಿಗೆ ಕಾಲ ಬಳಿ ಒಂದು ಪ್ಲಾಸ್ಟಿಕ್ ಟ್ರೇ ಇಡಿ. ಹತ್ತಿ ನೂಲು ತೇವಕ್ಕೆ ಕೊಳೆಯುತ್ತದೆ, ಹೊಲಿಗೆಗೆ ನೈಲಾನ್ ಅಥವಾ ಪಾಲಿಯೆಸ್ಟರ್ ನೂಲನ್ನೇ ಕೇಳಿ ಹಾಕಿಸಿ. ಸೀಟು ಹೊರಗಿರುವಾಗಲೇ ನೆಲದ ಮ್ಯಾಟ್ ಎತ್ತಿ ನೋಡುವುದನ್ನು ಮರೆಯಬೇಡಿ: ಅಡಿಯ ಫೆಲ್ಟ್ ಒದ್ದೆಯಿದ್ದರೆ ತಗಡು ತುಕ್ಕು ಹಿಡಿಯಲು ಆಗಲೇ ಶುರುವಾಗಿರುತ್ತದೆ. ಫೆಲ್ಟನ್ನು ಬಿಸಿಲಿಗೆ ಒಣಗಿಸಿ, ತಗಡಿನ ತುಕ್ಕು ಕೆರೆದು, ತುಕ್ಕು ತಡೆಯುವ ರೆಡ್ ಆಕ್ಸೈಡ್ ಬಣ್ಣ ಬಳಿದ ನಂತರವೇ ಸೀಟು ಕೂರಿಸಿ.