1/35 ಪಿಬಿಆರ್ ದೋಣಿಯ ಬೇಸ್: ರೆಸಿನ್ ನೀರು ಗಟ್ಟಿಯಾಗುತ್ತಿಲ್ಲ, ಅಲೆಯೂ ಹೊಂದುತ್ತಿಲ್ಲ

ನೇತ್ರಾವತಿ_ದಂಡೆ (ಮಂಗಳೂರು)

ಎಲ್ಲರಿಗೂ ನಮಸ್ಕಾರ. ತಮಿಯಾ ಕಂಪನಿಯ 1/35 ಅಳತೆಯ ಪಿಬಿಆರ್ 31 ಮಾರ್ಕ್ 2 (ವಿಯೆಟ್ನಾಂ ಯುದ್ಧದಲ್ಲಿ ಅಮೆರಿಕದ ನೌಕಾಪಡೆ ಬಳಸಿದ ನದಿ ಗಸ್ತು ದೋಣಿ) ಮಾಡೆಲನ್ನು ಕಟ್ಟಿ, ಬಣ್ಣ ಹಚ್ಚಿ, ಮೆಕಾಂಗ್ ನದಿಯ ಒಂದು ತುಂಡಿನಂತೆ ಕಾಣುವ ಬೇಸ್ ಮೇಲೆ ಕೂರಿಸಿದ್ದೇನೆ. ದೋಣಿಯ ಕೆಲಸ ತೃಪ್ತಿಕರವಾಗಿದೆ, ತೊಂದರೆ ಇರುವುದು ನೀರಿನಲ್ಲಿ. ಪ್ಲೈವುಡ್ ಚೌಕಟ್ಟಿನೊಳಗೆ ದೋಣಿಯ ತಳ ಮುಳುಗುವಷ್ಟು, ಅಂದರೆ ಸುಮಾರು 17 ಮಿ.ಮೀ. ಆಳಕ್ಕೆ ಪಾರದರ್ಶಕ ರೆಸಿನ್ ಸುರಿದೆ. ವಾರ ಕಳೆದರೂ ಮೇಲ್ಮೈ ಅಂಟಂಟಾಗಿಯೇ ಇದೆ. ಅಂಚಿನಲ್ಲಿ ಹೆಬ್ಬೆರಳಿಟ್ಟರೆ ಬೆರಳಿನ ಗೆರೆಗಳ ಸಮೇತ ಅಚ್ಚು ಮೂಡುತ್ತದೆ. ಅಲ್ಲಲ್ಲಿ ಹಾಲು ಬೆರೆತಂತೆ ಮಸುಕಾಗಿದೆ. ದೋಣಿಯ ಸುತ್ತ ರೆಸಿನ್ ಸುಮಾರು 3 ಮಿ.ಮೀ.ನಷ್ಟು ಮೇಲೇರಿ ಹೊಳೆಯುವ ಗೆರೆಯೊಂದು ನಿಂತಿದೆ.

ಇನ್ನೊಂದು ವಿಷಯ. 1966ರ ಅಕ್ಟೋಬರ್ 31ರಂದು ಅಮೆರಿಕದ ನೌಕಾಪಡೆಯ ಜೇಮ್ಸ್ ವಿಲಿಯಮ್ಸ್ ಅವರ ದೋಣಿಗಳು ಸಂಪಾನುಗಳನ್ನು (ಅಲ್ಲಿನ ಚಪ್ಪಟೆ ತಳದ ಸಣ್ಣ ಮರದ ದೋಣಿಗಳು) ಬೆನ್ನಟ್ಟಿದ ಘಟನೆಯನ್ನು ತೋರಿಸಬೇಕೆಂಬುದು ನನ್ನ ಆಸೆ. ಅದಕ್ಕಾಗಿ ಹಿಂಭಾಗದಲ್ಲಿ ಹತ್ತಿ ಮತ್ತು ಜೆಲ್ ಬಳಸಿ ನೊರೆಯ ಅಲೆ ಮಾಡಿದ್ದೇನೆ. ಆದರೆ ಎಷ್ಟೇ ನೊರೆ ಸೇರಿಸಿದರೂ ದೋಣಿ ನಿಂತಲ್ಲೇ ನಿಂತಂತೆ ಕಾಣುತ್ತದೆ. ದೋಣಿಯನ್ನು ಕಿತ್ತುಹಾಕದೆ ಇದನ್ನು ಸರಿಪಡಿಸಲು ಸಾಧ್ಯವೇ?

ಹಡಗುಕಟ್ಟೆ

ಉತ್ತರಿಸುವ ಮೊದಲು ನಾಲ್ಕು ವಿಷಯ ತಿಳಿಸಿದರೆ ಅನುಕೂಲವಾಗುತ್ತದೆ. ನೀವು ಬಳಸಿದ್ದು ಎಪಾಕ್ಸಿಯೋ ಪಾಲಿಯೆಸ್ಟರೋ? ಎರಡನೆಯದಾದರೆ ಮೂಗಿಗೆ ಅಡರುವ ಘಾಟು ಇರುತ್ತದೆ ಮತ್ತು ಹಾರ್ಡನರನ್ನು (ರೆಸಿನ್ ಗಟ್ಟಿಯಾಗಲು ಬೆರೆಸುವ ದ್ರವ) ಹನಿ ಲೆಕ್ಕದಲ್ಲಿ ಹಾಕುತ್ತಾರೆ. ರೆಸಿನ್ ಮತ್ತು ಹಾರ್ಡನರನ್ನು ತೂಗಿ ಬೆರೆಸಿದಿರೋ, ಅಳತೆ ಲೋಟದಲ್ಲಿ ಅಳೆದು ಬೆರೆಸಿದಿರೋ? ಬಣ್ಣಕ್ಕೆ ಏನು ಹಾಕಿದಿರಿ? ಪೂರ್ತಿ 17 ಮಿ.ಮೀ. ಅನ್ನು ಒಂದೇ ಸಲಕ್ಕೆ ಸುರಿದಿರೋ?

ನೇತ್ರಾವತಿ_ದಂಡೆ

ಎಪಾಕ್ಸಿ, ಘಾಟು ಇರಲಿಲ್ಲ. ಡಬ್ಬದ ಮೇಲೆ 2:1 ಎಂದಿತ್ತು, ಡಿಜಿಟಲ್ ತಕ್ಕಡಿಯಲ್ಲಿ ತೂಗಿ ಬೆರೆಸಿದೆ. ಬಣ್ಣಕ್ಕೆಂದು ಆಲಿವ್ ಹಸಿರು ಅಕ್ರಿಲಿಕ್ ಬಣ್ಣವನ್ನು ಒಂದು ಚಮಚದಷ್ಟು ಸೇರಿಸಿದೆ. ಮೂರು ಪದರಗಳಲ್ಲಿ ಸುರಿದೆ. ಇಲ್ಲಿ ಮಳೆ ಬಿಡುವು ಕೊಟ್ಟಿಲ್ಲ, ಕೋಣೆಯ ಗೋಡೆಯೇ ಬೆವರುತ್ತಿದೆ.

ಹಡಗುಕಟ್ಟೆ

ಧನ್ಯವಾದಗಳು, ಈಗ ಚಿತ್ರ ಸ್ಪಷ್ಟವಾಯಿತು. ಎಪಾಕ್ಸಿ ಆಗಿರುವುದು ಸಮಾಧಾನದ ಸಂಗತಿ. ಫೈಬರ್‌ಗ್ಲಾಸ್ ಕೆಲಸಕ್ಕೆ ಮಾರುವ ಪಾಲಿಯೆಸ್ಟರ್ ರೆಸಿನ್ ಆಗಿದ್ದರೆ ಅದು ಥರ್ಮೊಕೋಲನ್ನು ಕರಗಿಸುವುದಲ್ಲದೆ, ಕಿಟ್‌ನ ಪ್ಲಾಸ್ಟಿಕ್ ಕೂಡ ಅದೇ ಜಾತಿಯದಾದ್ದರಿಂದ ದೋಣಿಯ ತಳವನ್ನೂ ತಿಂದುಹಾಕುತ್ತಿತ್ತು.

ನಿಮ್ಮ ತೊಂದರೆಗೆ ಮೂರು ಕಾರಣಗಳು ಒಟ್ಟಿಗೆ ಸೇರಿರುವಂತಿವೆ. ಮೊದಲನೆಯದು ಅಳತೆ. ಹಲವು ಎಪಾಕ್ಸಿಗಳ ಮೇಲಿನ 2:1 ಎಂಬುದು ಗಾತ್ರದ ಲೆಕ್ಕ, ತೂಕದ್ದಲ್ಲ. ರೆಸಿನ್ ಹಾರ್ಡನರ್‌ಗಿಂತ ಭಾರವಾಗಿರುವುದರಿಂದ ಅದೇ ಅನುಪಾತವನ್ನು ತಕ್ಕಡಿಯಲ್ಲಿ ಹಿಡಿದರೆ ಹಾರ್ಡನರ್ ಹೆಚ್ಚಾಗುತ್ತದೆ, ಹೆಚ್ಚಾದ ಹಾರ್ಡನರಿಗೆ ಜೊತೆಗೂಡಲು ರೆಸಿನ್ ಇಲ್ಲದೆ ಅದು ಒಳಗೆ ಹಾಗೆಯೇ ಉಳಿದು ಇಡೀ ಪದರ ಮೆತ್ತಗಾಗುತ್ತದೆ. ಡಬ್ಬದ ಸೂಚನೆಯಲ್ಲಿ ಯಾವ ಲೆಕ್ಕವೆಂದು ಬರೆದಿದೆ ನೋಡಿ. ಎರಡನೆಯದು ಅಕ್ರಿಲಿಕ್ ಬಣ್ಣ. ಅದರಲ್ಲಿರುವ ನೀರು ಎಪಾಕ್ಸಿಯೊಂದಿಗೆ ಹೊಂದುವುದಿಲ್ಲ, ಹಾಲಿನಂಥ ಮಸುಕು ಬಹುಪಾಲು ಅದರಿಂದಲೇ ಬಂದಿರಬೇಕು. ಎಪಾಕ್ಸಿಗೆ ಒಣ ಬಣ್ಣದ ಪುಡಿಯನ್ನು ಚಿಟಿಕೆಯಷ್ಟು ಹಾಕಬಹುದು, ಅದಕ್ಕಿಂತ ಹೆಚ್ಚು ಬೇಡ. ಮೂರನೆಯದು ನಿಮ್ಮ ಊರಿನ ಮಳೆಗಾಲ. ಗಾಳಿಯ ತೇವ ಹಾರ್ಡನರ್‌ನೊಂದಿಗೆ ಸೇರಿ ಮೇಲ್ಮೈಯಲ್ಲಿ ಮೇಣದಂಥ ಜಿಡ್ಡಿನ ಪೊರೆ ಕಟ್ಟುತ್ತದೆ. ಉಗುರುಬೆಚ್ಚಗಿನ ಸೋಪಿನ ನೀರಿನಲ್ಲಿ ಅದ್ದಿದ ಬಟ್ಟೆಯಿಂದ ಒಂದು ಮೂಲೆಯನ್ನು ಒರೆಸಿ ನೋಡಿ. ಜಿಡ್ಡು ಹೋಗಿ ಕೆಳಗೆ ಗಟ್ಟಿ ಸಿಕ್ಕರೆ ಕೇವಲ ಪೊರೆಯ ತೊಂದರೆ ಎಂದು ನೆಮ್ಮದಿಯಿಂದಿರಬಹುದು. ನಿಮ್ಮ ಹೆಬ್ಬೆರಳಿನ ಅಚ್ಚಿನ ವಿವರಣೆ ಓದಿದರೆ ಮೆತುವು ಒಳಗೂ ಇದೆ ಎಂದೇ ನನಗನಿಸುತ್ತದೆ.

ಹಾಗಿದ್ದರೆ ಹೀಗೆ ಮಾಡಿ. ಬೇಸನ್ನು ರಟ್ಟಿನ ಪೆಟ್ಟಿಗೆಯೊಳಗಿಟ್ಟು, ಬದಿಯಲ್ಲಿ ಹಳೆಯ ಕಾಲದ ಬಿಸಿಯಾಗುವ ಬಲ್ಬನ್ನು ರಟ್ಟಿಗೆ ತಾಗದಂತೆ ಉರಿಸಿ, ಒಳಗಿನ ಶಾಖ 35ರಿಂದ 40 ಡಿಗ್ರಿ ಮೀರದಂತೆ ಥರ್ಮಾಮೀಟರ್ ಇಟ್ಟುಕೊಂಡು, ನೀವು ಎಚ್ಚರವಿರುವ ಹೊತ್ತಿನಲ್ಲಿ ಮಾತ್ರ ಎರಡು ಹಗಲು ಬಿಡಿ. ಹೇರ್ ಡ್ರೈಯರನ್ನು ದಯವಿಟ್ಟು ಹತ್ತಿರ ತರಬೇಡಿ, ತೆಳುವಾದ ಆಂಟೆನಾ ಮತ್ತು ಕಂಬಿಗಳು ಬಾಗಿಬಿಡುತ್ತವೆ. ನಂತರವೂ ಉಗುರು ಇಳಿಯುವಂತಿದ್ದರೆ ಆ ರೆಸಿನ್ ಇನ್ನು ಗಟ್ಟಿಯಾಗುವುದಿಲ್ಲ. ಮೆತ್ತಗಿನ ಭಾಗವನ್ನು ಚೂಪಿಲ್ಲದ ಅಲಗಿನಿಂದ ಎಷ್ಟು ಬರುತ್ತದೋ ಅಷ್ಟು ಕೆರೆದು ತೆಗೆಯಿರಿ. ಉಳಿದುದನ್ನು ಐಸೊಪ್ರೊಪೈಲ್ ಆಲ್ಕೋಹಾಲ್ ತಾಗಿಸಿದ ಬಟ್ಟೆಯಿಂದ ಒರೆಸಿ, ದೋಣಿಯ ಬಣ್ಣಕ್ಕೆ ಅದು ತಗುಲದಂತೆ ನೋಡಿಕೊಳ್ಳಿ. ಆಮೇಲೆ ಮಳೆ ನಿಂತ ದಿನ, ಸರಿಯಾದ ಅಳತೆಯಲ್ಲಿ, ಲೋಟದ ಗೋಡೆ ಮತ್ತು ತಳವನ್ನು ಕೆರೆಯುತ್ತಾ ಬೆರೆಸಿದ ಎಪಾಕ್ಸಿಯನ್ನು 2 ಮಿ.ಮೀ.ನಷ್ಟು ತೆಳುವಾಗಿ ಸುರಿದು ಕೆಳಗಿನದನ್ನು ಮುಚ್ಚಿಬಿಡಿ.

ಆದರೆ ನನ್ನ ಮುಖ್ಯ ಸಲಹೆ ಬೇರೆಯೇ ಇದೆ. ಮೆಕಾಂಗ್ ನೀರಿಗೆ ಪಾರದರ್ಶಕ ರೆಸಿನ್ ಬೇಕಾಗಿಯೇ ಇಲ್ಲ. ಆ ನದಿ ಮೆಕ್ಕಲು ಮಣ್ಣನ್ನು ಹೊತ್ತು ತರುವ ನದಿ. ಮುಖಜದಲ್ಲಿ ಅದು ತಿಯೆನ್, ಹೌ ಎಂದು ಕವಲೊಡೆದು, ಮೀ ಥೊ, ವಿನ್ ಲಾಂಗ್, ಕಾನ್ ಥೊ ಊರುಗಳ ಮುಂದೆ ಹರಿಯುವಾಗ ಹಾಲು ಹೆಚ್ಚಾದ ಚಹಾದ ಬಣ್ಣದ ರಾಡಿ ನೀರಾಗಿರುತ್ತದೆ. ಅಂಥ ನೀರಿನಲ್ಲಿ ಗೇಣುದ್ದದ ಕೆಳಗೆ ಏನಿದೆ ಎಂದು ಕಾಣುವುದಿಲ್ಲ. ನೀವು 17 ಮಿ.ಮೀ. ಆಳಕ್ಕೆ ಪಟ್ಟ ಶ್ರಮವೆಲ್ಲ ಆ ನದಿಯಲ್ಲಿ ಯಾರಿಗೂ ಕಾಣದ ಆಳಕ್ಕೆ ಪಟ್ಟ ಶ್ರಮ. ಇಲ್ಲಿ ಬೇಕಾಗಿರುವುದು ಒಳ್ಳೆಯ ಮೇಲ್ಮೈ ಮಾತ್ರ.

ಅದನ್ನು ಮಾಡುವ ಬಗೆ ಅಗ್ಗವೂ ಹೌದು. ನೀವು ಈಗ ಮುಚ್ಚಿದ ಪದರದ ಮೇಲೆ ಟಿಶ್ಯೂ ಪೇಪರನ್ನು ಅಂಗೈಯಗಲದ ತುಂಡುಗಳಾಗಿ ಹರಿದು ಹರಡಿ. ಕತ್ತರಿಸಬೇಡಿ, ನೇರ ಅಂಚು ಎದ್ದು ಕಾಣುತ್ತದೆ. ನೀರು ಬೆರೆಸಿದ ಫೆವಿಕಾಲನ್ನು ಮೇಲಿನಿಂದ ಬ್ರಷ್‌ನಲ್ಲಿ ತಟ್ಟಿ. ಒದ್ದೆ ಕಾಗದ ತಾನಾಗಿ ಸುಕ್ಕುಗಟ್ಟುತ್ತದೆ, ಆ ಸುಕ್ಕುಗಳನ್ನು ಬ್ರಷ್ ತುದಿಯಿಂದ ಒಂದೇ ದಿಕ್ಕಿಗೆ ಒತ್ತುತ್ತಾ ಹೋದರೆ ಗಾಳಿಗೆ ಎದ್ದ ಸಣ್ಣ ತೆರೆಗಳಾಗುತ್ತವೆ. 1/35ರಲ್ಲಿ 3 ಮಿ.ಮೀ. ಎತ್ತರದ ತೆರೆ ಎಂದರೆ ನಿಜದಲ್ಲಿ 10 ಸೆಂ.ಮೀ.ಗೂ ಮಿಕ್ಕಿದ್ದು, ಕಾಲುವೆಗೆ ಅದರ ಅರ್ಧವೂ ಹೆಚ್ಚು. ಒಣಗಿದ ಮೇಲೆ ಕಂದು ಮತ್ತು ಮಣ್ಣಿನ ಹಳದಿ ಬಣ್ಣಗಳನ್ನು ಒಂದರೊಳಗೊಂದು ಸೇರುವಂತೆ ಹಚ್ಚಿ, ದಡದ ಬಳಿ ಹಾಗೂ ದೋಣಿಯ ನೆರಳು ಬೀಳುವಲ್ಲಿ ಮಾತ್ರ ಹಸಿರು ಮಿಶ್ರಿತ ಗಾಢ ಕಂದು ಬಳಸಿ. ಮಳೆಗಾಲದ, ಅಂದರೆ ಮೇ ತಿಂಗಳಿನಿಂದ ನವೆಂಬರ್‌ವರೆಗಿನ ದೃಶ್ಯವಾದರೆ ಕೆಂಪು ಸ್ವಲ್ಪ ಹೆಚ್ಚಿರಲಿ. ಕೊನೆಗೆ ಹೊಳಪಿನ ಅಕ್ರಿಲಿಕ್ ವಾರ್ನಿಶ್ ಎರಡು ಮೂರು ಕೋಟು. ಹೊಳಪು ಬಂದ ಕ್ಷಣ ಅದು ಕಾಗದವೆಂಬುದು ಮರೆತುಹೋಗುತ್ತದೆ.

ದೋಣಿಯ ಮೈಗೆ ಏರಿದ ರೆಸಿನ್ ಗೆರೆಯೂ ಈ ವಿಧಾನದಲ್ಲಿ ತಾನಾಗಿ ಪರಿಹಾರವಾಗುತ್ತದೆ. ತೇವದ ಪಟ್ಟಿ ಇರುವುದೇನೋ ಸಹಜ, ಆದರೆ ನಿಜದ ನೀರು ಹಾಗೆ ಬಾಗಿ ದೋಣಿಯ ಮೈಯನ್ನು ಏರುವುದಿಲ್ಲ, ಆ ಬಾಗು ಕಂಡೊಡನೆ ಕಣ್ಣು ಇದು ಚಿಕ್ಕ ವಸ್ತುವೆಂದು ಹೇಳಿಬಿಡುತ್ತದೆ. ಬಾಗನ್ನು 600ರ ನೀರುಕಾಗದದಿಂದ (ಒದ್ದೆ ಮಾಡಿ ಉಜ್ಜುವ ಮರಳುಕಾಗದ) ನಯವಾಗಿ ಉಜ್ಜಿ, ಕಾಗದದ ಅಂಚನ್ನು ಅಲ್ಲಿಯವರೆಗೆ ತಂದು, ಸಂದಿಯನ್ನು ಜೆಲ್ ಮೀಡಿಯಂನಿಂದ ತುಂಬಿ.

ಇನ್ನು ಅಲೆಯ ವಿಚಾರ. ನೊರೆ ಕಡಿಮೆಯಾಗಿದ್ದರಿಂದ ದೋಣಿ ನಿಂತಂತೆ ಕಾಣುತ್ತಿಲ್ಲ, ಅದು ನಿಜಕ್ಕೂ ನಿಂತ ದೋಣಿಯಂತೆಯೇ ನೀರಿನಲ್ಲಿ ಕೂತಿದೆ. ಪಿಬಿಆರ್‌ಗೆ ಪ್ರೊಪೆಲ್ಲರ್ ಇಲ್ಲ, ಚುಕ್ಕಾಣಿಯ ಹಲಗೆಯೂ ಇಲ್ಲ. ಎರಡು ಡೀಸೆಲ್ ಎಂಜಿನ್‌ಗಳು ಎರಡು ಜಕೂಜಿ ಪಂಪ್‌ಗಳನ್ನು ತಿರುಗಿಸಿ, ತಳದಿಂದ ಹೀರಿದ ನೀರನ್ನು ಹಿಂದಿನಿಂದ ರಭಸವಾಗಿ ಚಿಮ್ಮಿಸುತ್ತವೆ. ಹಗುರವಾದ ಫೈಬರ್‌ಗ್ಲಾಸ್ ಒಡಲು ಪೂರ್ಣ ವೇಗದಲ್ಲಿ, ಅಂದರೆ 25 ನಾಟ್ ದಾಟಿದಾಗ, ನೀರನ್ನು ಸೀಳುವುದನ್ನು ಬಿಟ್ಟು ನೀರಿನ ಮೇಲೆ ಜಾರತೊಡಗುತ್ತದೆ. ಆಗ ಮುಂಭಾಗ 3ರಿಂದ 4 ಡಿಗ್ರಿ ಎತ್ತಿಕೊಳ್ಳುತ್ತದೆ ಎಂದು ಹಿಡಿದರೂ, ಸುಮಾರು 28 ಸೆಂ.ಮೀ. ಉದ್ದದ ನಿಮ್ಮ ಮಾಡೆಲ್‌ನಲ್ಲಿ ಮೂತಿ 15ರಿಂದ 20 ಮಿ.ಮೀ. ಮೇಲೇಳಬೇಕು. ನೀರು ಬದಿಗೆ ಚಿಮ್ಮುವುದು ಮೂತಿಯ ತುದಿಯಲ್ಲಲ್ಲ, ಒಡಲು ನೀರನ್ನು ಮುಟ್ಟುವ, ಸಾಕಷ್ಟು ಹಿಂದಿನ ಜಾಗದಿಂದ. ನಿಮ್ಮ ದೋಣಿ ಸಮತಟ್ಟಾಗಿ, ನಿಜದ ಅಳತೆಯಲ್ಲಿ 2 ಅಡಿ ಆಳಕ್ಕೆ ನೀರಿನಲ್ಲಿ ಮುಳುಗಿ ಕೂತಿದೆ. ಅದು ನಿಧಾನವಾಗಿ ಸಾಗುವ ದೋಣಿಯ ಭಂಗಿ. ಹಿಂದೆ ಎಷ್ಟು ಹತ್ತಿ ಇಟ್ಟರೂ ಭಂಗಿ ಅದನ್ನು ಒಪ್ಪುವುದಿಲ್ಲ.

ದೋಣಿಯನ್ನು ಕೀಳಬಾರದೆಂಬ ನಿಮ್ಮ ಷರತ್ತಿಗೆ ನನ್ನ ಸಲಹೆ: ನೊರೆಯನ್ನು ತೆಗೆದುಹಾಕಿ, ದೃಶ್ಯವನ್ನೇ ಬದಲಿಸಿ. ಇದಕ್ಕೆ ಇನ್ನೊಂದು ಬಲವಾದ ಕಾರಣವೂ ಇದೆ. ವಿಲಿಯಮ್ಸ್ ಅವರಿಗೆ ಅಮೆರಿಕದ ಅತ್ಯುನ್ನತ ಸೇನಾ ಗೌರವವಾದ ಮೆಡಲ್ ಆಫ್ ಆನರ್ ತಂದ ಆ ದಿನದ ದೋಣಿಗಳು ಮಾರ್ಕ್ 1. 1966ರ ಮಾರ್ಚ್‌ನಿಂದ ವಿಯೆಟ್ನಾಮಿಗೆ ಬರತೊಡಗಿದ್ದು ಆ ಮಾದರಿ. ನಿಮ್ಮ ಕಿಟ್ ಮಾರ್ಕ್ 2, ಅದು ಆಮೇಲಿನದು. ತುಸು ಉದ್ದ, ಎತ್ತರದಲ್ಲಿ ತುಸು ತಗ್ಗು, ಅಂಚುಗಳಿಗೆ ಅಲ್ಯೂಮಿನಿಯಂ ಪಟ್ಟಿ. ಆ ಪಟ್ಟಿ ಬಂದದ್ದೇ ತಪಾಸಣೆಗೆಂದು ಪಕ್ಕಕ್ಕೆ ಬಂದು ನಿಲ್ಲುವ ಸಂಪಾನುಗಳು ಮಾರ್ಕ್ 1ರ ಫೈಬರ್‌ಗ್ಲಾಸ್ ಅಂಚನ್ನು ತಿಕ್ಕಿ ಹಾಳುಮಾಡುತ್ತಿದ್ದುದರಿಂದ. 1965ರ ಡಿಸೆಂಬರ್‌ನಲ್ಲಿ ಆರಂಭವಾದ ಗೇಮ್ ವಾರ್ಡನ್ ಎಂಬ ನದಿ ಗಸ್ತು ಕಾರ್ಯಾಚರಣೆಯಲ್ಲಿ ಈ ದೋಣಿಗಳ ದಿನನಿತ್ಯದ ಕೆಲಸ ಬೆನ್ನಟ್ಟುವುದಕ್ಕಿಂತ ಹೆಚ್ಚಾಗಿ ಸಂಪಾನುಗಳನ್ನು ನಿಲ್ಲಿಸಿ ಹುಡುಕುವುದಾಗಿತ್ತು. ಹಾಗಾಗಿ ಒಂದು ಸಂಪಾನನ್ನು ಕಟ್ಟಿ ಪಕ್ಕಕ್ಕೆ ತಂದು ನಿಲ್ಲಿಸಿ, ಅದು ತಾಗುವ ಜಾಗದಲ್ಲಿ ಅಂಚಿನ ಪಟ್ಟಿಯ ಹಸಿರು ಸವೆದು ಲೋಹ ಇಣುಕುವಂತೆ ಸಣ್ಣ ಸ್ಪಂಜಿನ ತುಂಡಿನಿಂದ ಬಣ್ಣ ತಟ್ಟಿ. ಒಡಲಿನ ಮೇಲೆ ಮಾತ್ರ ತುಕ್ಕಿನ ಬಣ್ಣ ಹಚ್ಚಬೇಡಿ, ಫೈಬರ್‌ಗ್ಲಾಸ್ ತುಕ್ಕು ಹಿಡಿಯುವುದಿಲ್ಲ. ನಿಮ್ಮ ದೋಣಿ ಕೂತಿರುವ ಭಂಗಿಗೆ ಇದಕ್ಕಿಂತ ಸತ್ಯವಾದ ದೃಶ್ಯ ನನಗೆ ತೋಚುವುದಿಲ್ಲ.

ಉಕ್ಕಿನ_ಸರಳು (ಹುಬ್ಬಳ್ಳಿ)

ಬಹಳ ಉಪಯುಕ್ತ ವಿವರಣೆ. ಇದೇ ಚರ್ಚೆಗೆ ಸೇರುವ ಪ್ರಶ್ನೆಯಾದ್ದರಿಂದ ಇಲ್ಲೇ ಕೇಳುತ್ತೇನೆ. ನಾನು 1/48ರಲ್ಲಿ ಟ್ಯಾಂಗೋ ದೋಣಿಯನ್ನು, ಅಂದರೆ ಎಲ್‌ಸಿಎಂ-6 ಎಂಬ ದಡಕ್ಕಿಳಿಸುವ ದೋಣಿಯಿಂದ ಮಾರ್ಪಡಿಸಿದ ಕವಚದ ಸೈನಿಕ ಸಾಗಣೆ ದೋಣಿಯನ್ನು ಕಟ್ಟುತ್ತಿದ್ದೇನೆ. ಅದಕ್ಕೂ ಮೂತಿ ಎತ್ತಬೇಕೆ?

ಹಡಗುಕಟ್ಟೆ

ಬೇಡ. ನದಿ ಪಡೆಯ ಟ್ಯಾಂಗೋ ಮತ್ತು ಮಾನಿಟರ್‌ಗಳು (ಫಿರಂಗಿ ಹೊತ್ತ ಕವಚದ ದೋಣಿಗಳು) ಎರಡನೇ ಮಹಾಯುದ್ಧದ ಕಾಲದ 56 ಅಡಿಯ, ದಡಕ್ಕಿಳಿಸುವ ದೋಣಿಗಳಿಗೆ ಉಕ್ಕಿನ ಕವಚ ಹೊದಿಸಿ ಮಾಡಿದವು, ವೇಗ 8 ನಾಟ್‌ನ ಆಸುಪಾಸು. ಅವು ಎಂದೂ ಜಾರುವುದಿಲ್ಲ, ನೀರನ್ನು ಮುಂದಕ್ಕೆ ದಬ್ಬುತ್ತವೆ. ಟ್ಯಾಂಗೋದ ಚಪ್ಪಟೆ ಇಳಿಬಾಗಿಲಿನ ಮುಂದೆ ದಪ್ಪನೆಯ, ಮೊಂಡಾದ ನೀರಿನ ದಿಂಬು ಏಳಬೇಕು, ಹಿಂದೆ ಪ್ರೊಪೆಲ್ಲರ್ ಕಲಕಿದ ಕೆಸರು ನೀರು ಸುತ್ತಲಿನದಕ್ಕಿಂತ ಒಂದು ಛಾಯೆ ತಿಳಿ ಬಣ್ಣದ್ದಾಗಿರಲಿ. ಬಿಳಿ ಬಣ್ಣ ಬಹಳ ಕಡಿಮೆ ಸಾಕು. ಬದಿಯ ಸರಳು ಕವಚವನ್ನು, ರಾಕೆಟ್ ಸಿಡಿತಲೆಗಳು ಒಡಲಿಗೆ ತಾಗುವ ಮೊದಲೇ ಸ್ಫೋಟಿಸಲೆಂದು ಒಡಲಿನಿಂದ ಅಂತರ ಬಿಟ್ಟು ಕೂರಿಸುತ್ತಿದ್ದರು. ಆ ಅಂತರವನ್ನು ತಪ್ಪದೆ ತೋರಿಸಿ. ಸರಳುಗಳನ್ನು ಒಡಲಿಗೇ ಅಂಟಿಸಿದರೆ ಅವು ಗೀರುಗಳಂತೆ ಕಾಣುತ್ತವೆ.

ನೇತ್ರಾವತಿ_ದಂಡೆ

ಸೋಪಿನ ನೀರಿನಲ್ಲಿ ಒರೆಸಿದೆ, ನೀವು ಹೇಳಿದಂತೆ ಮೆತುವು ಒಳಗೂ ಇತ್ತು. ಡಬ್ಬದ ಚೀಟಿಯಲ್ಲಿ 2:1 ಗಾತ್ರದ ಲೆಕ್ಕವೆಂದೇ ಸಣ್ಣ ಅಕ್ಷರದಲ್ಲಿದೆ. ಕೆರೆದು, ತೆಳುಪದರದಿಂದ ಮುಚ್ಚಿ, ಈಗ ಟಿಶ್ಯೂ ಹಾಸುತ್ತಿದ್ದೇನೆ. ತೆರೆಗಳು ಚೆನ್ನಾಗಿ ಬರುತ್ತಿವೆ. ಸಂಪಾನಿನ ಸುತ್ತ ಅಂತರಗಂಗೆಯಂಥ ತೇಲುಗಿಡಗಳನ್ನು ಹಾಕಬಹುದೇ?

ಹಡಗುಕಟ್ಟೆ

ಧಾರಾಳವಾಗಿ ಹಾಕಿ, ಮುಖಜದ ಕಾಲುವೆಗಳಲ್ಲಿ ತೇಲುಕಳೆ ಬಹಳ. ಆದರೆ ಪಿಬಿಆರ್‌ನ ಹಿಂಭಾಗಕ್ಕೆ ಒತ್ತಿದಂತೆ ಬೇಡ. ಕಳೆ ಸಿಕ್ಕಿಕೊಂಡು ಪಂಪ್‌ಗಳ ಬಾಯಿ ಕಟ್ಟಿಕೊಳ್ಳುವುದು ಆ ದೋಣಿಗಳವರ ನಿತ್ಯದ ತಲೆನೋವಾಗಿತ್ತು, ಗೊತ್ತಿದ್ದೂ ಅದರ ಮೇಲೆ ಹೋಗಿ ನಿಲ್ಲುತ್ತಿರಲಿಲ್ಲ. ಎರಡು ಮೂರು ಗುಂಪುಗಳನ್ನು ದಡದ ಕಡೆ, ಹರಿವಿನ ದಿಕ್ಕಿಗೆ ಉದ್ದವಾಗಿ ಬಿಡಿ. ವಾರ್ನಿಶ್ ಪೂರ್ತಿ ಒಣಗಿದ ಮೇಲೆ ಅಂಟಿಸಿ, ಇಲ್ಲವಾದರೆ ಎಲೆಗಳೂ ಹೊಳೆಯುತ್ತವೆ.