386 ಬೋರ್ಡಿನಲ್ಲಿ ಬ್ಯಾಟರಿ ಸೋರಿ ಕೀಬೋರ್ಡ್ ಎರರ್

ಪ್ರಶ್ನೆ: ಹಳೇ 386 ಕಂಪ್ಯೂಟರಿನ ಮದರ್‌ಬೋರ್ಡಿನಲ್ಲಿ 3.6 ವೋಲ್ಟ್ ನಿಕಲ್-ಕ್ಯಾಡ್ಮಿಯಂ ಬ್ಯಾಟರಿ ಸೋರಿ, ಕೀಬೋರ್ಡ್ ಸಾಕೆಟ್ ಸುತ್ತ ಹಸಿರು ಕಿಲುಬು. ಬ್ಯಾಟರಿ ಕಿತ್ತಿದ್ದೇನೆ. ಡಿಸ್‌ಪ್ಲೇ ಬರುತ್ತದೆ, ಆದರೆ ಕೀಬೋರ್ಡ್ ಎರರ್. ಬದಲಿಗೆ ಸಿಆರ್2032 (ನಾಣ್ಯದಾಕಾರದ ಲಿಥಿಯಂ ಸೆಲ್) ಹಾಕಬಹುದೇ?

ಉತ್ತರ 1: ಮೊದಲು ಕ್ಲೀನಿಂಗ್. ಸೋರಿದ್ದು ಪೊಟ್ಯಾಸಿಯಂ ಹೈಡ್ರಾಕ್ಸೈಡ್, ಅಂದರೆ ಕ್ಷಾರ. ಅಡುಗೆ ಸೋಡಾ ಹಾಕಿ ಪ್ರಯೋಜನವಿಲ್ಲ. ಬಿಳಿ ವಿನೆಗರ್ ಹಚ್ಚಿ ಹಳೇ ಟೂತ್‌ಬ್ರಷ್‌ನಿಂದ ಉಜ್ಜಿ, ಡಿಸ್ಟಿಲ್ಡ್ ವಾಟರ್‌ನಲ್ಲಿ ತೊಳೆದು, ಕೊನೆಗೆ ಐಸೊಪ್ರೊಪೈಲ್ ಆಲ್ಕೋಹಾಲ್. ವಿನೆಗರ್ ಉಳಿದರೆ ಅದೂ ತಾಮ್ರ ತಿನ್ನುತ್ತದೆ. ಕಪ್ಪಾದ ಟ್ರ್ಯಾಕ್‌ಗಳ (ಬೋರ್ಡಿನ ತಾಮ್ರದ ಗೆರೆಗಳ) ಮೇಲಿನ ಹಸಿರು ರಕ್ಷಣಾ ಲೇಪ ಕೆರೆದು, ತಾಮ್ರ ಹೊಳೆದ ಮೇಲೆ ಫ್ಲಕ್ಸ್ ಹಾಕಿ ಸೋಲ್ಡರ್ ಸವರಿ. ಕಿಲುಬಿನ ಮೇಲೆ ಸೋಲ್ಡರ್ ಹಿಡಿಯುವುದೇ ಇಲ್ಲ.

ಉತ್ತರ 2: ಡಿನ್ ಸಾಕೆಟ್‌ನ (ದುಂಡನೆಯ ಕೀಬೋರ್ಡ್ ಸಾಕೆಟ್) 5ನೇ ಪಿನ್‌ನಲ್ಲಿ 5 ವೋಲ್ಟ್ ಇದೆಯೇ ನೋಡಿ, ಇಲ್ಲದಿದ್ದರೆ ಪಕ್ಕದ ಫ್ಯೂಸ್ ಹೋಗಿರಬಹುದು. ಇದ್ದರೆ, ಪವರ್ ತೆಗೆದು, ಕ್ಲಾಕ್ (ಪಿನ್ 1), ಡೇಟಾ (ಪಿನ್ 2) ಲೈನುಗಳನ್ನು ಕೀಬೋರ್ಡ್ ಕಂಟ್ರೋಲರ್ ಕಡೆಗೆ ಮಲ್ಟಿಮೀಟರ್‌ನಲ್ಲಿ ಹಿಂಬಾಲಿಸಿ. ಹೊರಗೆ ಚೆನ್ನಾಗಿ ಕಂಡರೂ ವಯಾ (ಬೋರ್ಡಿನ ಪದರಗಳನ್ನು ಜೋಡಿಸುವ ಲೋಹ ಲೇಪಿತ ರಂಧ್ರ) ಒಳಗೆ ತುಂಡಾಗಿರಬಹುದು. ಅಲ್ಲಿ ತೆಳುವಾದ 30 ಗೇಜ್ ತಂತಿ ಎಳೆದು ಜೋಡಿಸಿ.

ಉತ್ತರ 1 (ಮುಂದುವರಿಕೆ): ಸಿಆರ್2032 ನೇರವಾಗಿ ಬೇಡವೇ ಬೇಡ. ಬೋರ್ಡ್ ಅದನ್ನು ಚಾರ್ಜ್ ಮಾಡಲು ಹೋಗುತ್ತದೆ, ಲಿಥಿಯಂ ಸೆಲ್ ಸಿಡಿಯಬಹುದು. ಪ್ಲಸ್ ಕಡೆ 1ಎನ್5817 ಡಯೋಡ್ (ಕರೆಂಟ್ ಒಂದೇ ದಿಕ್ಕಿಗೆ ಬಿಡುವ ಶಾಟ್ಕಿ ಡಯೋಡ್) ಹಾಕಿ, ಗೆರೆಯಿರುವ ತುದಿ ಬೋರ್ಡಿನತ್ತ ಇರಲಿ. ಸಾಮಾನ್ಯ ಸಿಲಿಕಾನ್ ಡಯೋಡ್ ಹೆಚ್ಚು ವೋಲ್ಟೇಜ್ ನುಂಗುತ್ತದೆ.