ಆರು ವಾರ ಆಯ್ತು, ಹಾರ್ಟ್‌ಬೀಟ್ ಇನ್ನೂ ಕಂಡಿಲ್ಲ. ನಿಮ್ಮ ಅನುಭವ ಹೇಳಿ

ಪ್ರಶ್ನೆ: ಇದು ನನ್ನ ಮೊದಲ ಬಸಿರು. ಕೊನೆಯ ಮುಟ್ಟಿನಿಂದ ಲೆಕ್ಕ ಹಾಕಿದರೆ ಆರು ವಾರ. ನಿನ್ನೆ ಸ್ಕ್ಯಾನ್‌ನಲ್ಲಿ ಸ್ಯಾಕ್ (ಭ್ರೂಣ ಬೆಳೆಯುವ ಚೀಲ) ಮಾತ್ರ ಕಾಣಿಸಿತು. ಹತ್ತು ದಿನ ಬಿಟ್ಟು ಬನ್ನಿ ಎಂದರು ಡಾಕ್ಟರ್. ಅದರ ಮೇಲೆ, ಹೋದ ವಾರ ಇದ್ದ ವಾಕರಿಕೆಯೂ ಕಡಿಮೆಯಾಗಿದೆ. ತುಂಬಾ ಭಯವಾಗುತ್ತಿದೆ. ಹೀಗಾದವರು ಯಾರಾದರೂ ಇದ್ದೀರಾ?

ದಾವಣಗೆರೆಯಿಂದ: ತಂಗಿ, ನನಗೂ ಇದೇ ಆಗಿತ್ತು. ಆ ಮಗ ಈಗ ಅಂಗನವಾಡಿಗೆ ಹೋಗುತ್ತಾನೆ. ನಿಮಗೆ ಮುಟ್ಟು ಎಷ್ಟು ದಿನಕ್ಕೊಮ್ಮೆ ಆಗುತ್ತದೆ? ಮೊದಲು ಅದನ್ನು ನೋಡಿಕೊಳ್ಳಿ. ವಾರ ಎಣಿಸುವುದು ಕೊನೆಯ ಮುಟ್ಟಿನ ಮೊದಲ ದಿನದಿಂದ. ಆದರೆ ಗರ್ಭ ಕಟ್ಟುವುದು ಅಂಡ ಬಿಡುಗಡೆಯಾದ ಮೇಲೆ ಅಲ್ವಾ? 28 ದಿನಕ್ಕೆ ಸರಿಯಾಗಿ ಮುಟ್ಟಾಗುವವರಲ್ಲೂ ಆರು ವಾರದ ಬಸಿರೆಂದರೆ ಭ್ರೂಣಕ್ಕೆ ನಾಲ್ಕೇ ವಾರ. ನನಗೆ 35 ದಿನಕ್ಕೊಮ್ಮೆ ಆಗುತ್ತಿತ್ತು. ಹಾಗಾಗಿ ಇನ್ನೂ ಒಂದು ವಾರ ಹಿಂದಿತ್ತು.

ಐದನೇ ವಾರದಲ್ಲಿ ಸಾಮಾನ್ಯವಾಗಿ ಸ್ಯಾಕ್ ಮಾತ್ರ ಕಾಣುತ್ತದೆ. ಆಮೇಲೆ ಅದರೊಳಗೆ ಯೋಕ್ ಸ್ಯಾಕ್ ಅಂದರೆ ಭ್ರೂಣಕ್ಕೆ ಮೊದಲು ಪೋಷಣೆ ಕೊಡುವ ಪುಟ್ಟ ಚೀಲ, ಅದರ ಪಕ್ಕದಲ್ಲಿ ಕೆಲವೇ ಮಿಲಿಮೀಟರ್ ಉದ್ದದ ಭ್ರೂಣ. ಬಡಿತ ಕಾಣುವುದು ಹೆಚ್ಚಾಗಿ ಆರರಿಂದ ಏಳನೇ ವಾರದೊಳಗೆ. ಹೊಟ್ಟೆಯ ಮೇಲಿಂದ ಮಾಡುವ ಸ್ಕ್ಯಾನ್‌ಗಿಂತ ಒಳಗಿಂದ ಮಾಡುವುದರಲ್ಲಿ ಇದೆಲ್ಲ ಬೇಗ ಕಾಣುತ್ತದೆ. ನಿಮಗೆ ಯಾವುದು ಮಾಡಿದರು, ಕೇಳಿ. ಎಂಟನೇ ವಾರದ ಹೊತ್ತಿಗೆ ಭ್ರೂಣ ಸುಮಾರು ಒಂದೂವರೆ ಸೆಂಟಿಮೀಟರ್, ಒಂದು ಅವರೆಕಾಳಿನಷ್ಟು. ನನಗೆ ಎರಡನೇ ಸ್ಕ್ಯಾನ್‌ನಲ್ಲಿ ಬಡಿತ ಕಂಡಿತು, ಡಾಕ್ಟರ್ ಹೆರಿಗೆ ದಿನಾಂಕವನ್ನೇ ಮುಂದಕ್ಕೆ ಹಾಕಿದರು.

ಹುಬ್ಬಳ್ಳಿಯಿಂದ: ವಾಕರಿಕೆ ನೋಡಿ ಮಗುವಿನ ಆರೋಗ್ಯ ಅಳೆಯಬೇಡಿ. ನನಗೆ ಒಂದು ದಿನ ಒಗ್ಗರಣೆ ವಾಸನೆಗೇ ವಾಂತಿ, ಮರುದಿನ ಏನೂ ಇಲ್ಲ. ನನ್ನ ನಾದಿನಿಗೆ ಒಂಬತ್ತು ತಿಂಗಳೂ ವಾಂತಿಯೇ ಆಗಲಿಲ್ಲ, ಮಗಳು ಗುಂಡುಗುಂಡಾಗಿ ಹುಟ್ಟಿದಳು. ಹೆಚ್ಚಿನವರಿಗೆ ಒಂಬತ್ತನೇ ವಾರದ ಆಸುಪಾಸಿನಲ್ಲಿ ಜಾಸ್ತಿಯಾಗಿ, 12ರಿಂದ 14 ವಾರಕ್ಕೆ ಇಳಿಯುತ್ತದೆ. ಸುಸ್ತು, ಸ್ತನಗಳಲ್ಲಿ ನೋವು, ಪದೇಪದೇ ಮೂತ್ರ, ಮಲಬದ್ಧತೆ ಎಲ್ಲವೂ ಹಾಗೇ ಬಂದು ಹೋಗುತ್ತವೆ. ಹಾಸಿಗೆಯಿಂದ ಏಳುವ ಮುಂಚೆ ಒಂದು ಹಿಡಿ ಚುರಮುರಿ, ಆಮೇಲೆ ಸ್ವಲ್ಪ ಸ್ವಲ್ಪವಾಗಿ ಮಜ್ಜಿಗೆ. ನನಗೆ ಗಂಟಲಲ್ಲಿ ಇಳಿದದ್ದು ಇಷ್ಟೇ. ಫೋಲಿಕ್ ಆಸಿಡ್ ಮಾತ್ರೆಯನ್ನಂತೂ ಬಿಡಬೇಡಿ. ಮಗುವಿನ ಮೆದುಳು, ಬೆನ್ನುಹುರಿ ರೂಪುಗೊಳ್ಳುವುದು ಈ ವಾರಗಳಲ್ಲೇ. ಬೆಳಿಗ್ಗೆ ವಾಂತಿಯಾದರೆ ರಾತ್ರಿ ತೆಗೆದುಕೊಳ್ಳಿ.

ಮಂಗಳೂರಿನಿಂದ: ನಿಮಗೆ ಒಳ್ಳೆಯದೇ ಆಗಲಿ. ಆದರೆ ಇನ್ನೊಂದು ಮಾತನ್ನೂ ಯಾರಾದರೂ ಹೇಳಬೇಕು. ನನಗೆ ಎರಡನೇ ಸ್ಕ್ಯಾನ್‌ನಲ್ಲೂ ಬೆಳವಣಿಗೆ ಇರಲಿಲ್ಲ. ಸ್ಕೂಟರ್ ಓಡಿಸಿದ್ದಕ್ಕೆ, ಕೊಡ ಎತ್ತಿದ್ದಕ್ಕೆ ಹೀಗಾಯಿತು ಎಂದು ಮನೆಯಲ್ಲಿ ಎಲ್ಲರೂ ಹೇಳಿದರು. ಆರಂಭದಲ್ಲೇ ನಿಲ್ಲುವ ಬಸಿರುಗಳಲ್ಲಿ ಅರ್ಧದಷ್ಟಾದರೂ ವಂಶವಾಹಿಗಳನ್ನು ಹೊತ್ತ ಕ್ರೋಮೋಸೋಮ್‌ನ ದೋಷದಿಂದ ನಿಲ್ಲುತ್ತವೆ, ತಾಯಿ ಮಾಡಿದ್ದು ಏನೂ ಇಲ್ಲ ಎಂದು ಡಾಕ್ಟರ್ ಅತ್ತೆಯನ್ನೇ ಕೂರಿಸಿ ಹೇಳಿದರು. ನನಗೆ ಆ ಮಾತು ತುಂಬಾ ಬೇಕಿತ್ತು. ಈಗ ಇಬ್ಬರು ಮಕ್ಕಳಿದ್ದಾರೆ.

ರಾಯಚೂರಿನಿಂದ: ನಾನು ನರ್ಸ್. ಸ್ಯಾಕ್ ಗರ್ಭಕೋಶದ ಒಳಗೇ ಇದೆ ಎಂದು ರಿಪೋರ್ಟ್‌ನಲ್ಲಿ ಬರೆದಿದೆಯಾ, ನೋಡಿ. ಗರ್ಭ ಅದರ ಹೊರಗೆ ಕಟ್ಟಿದ್ದರೆ ಅಪಾಯ. ಒಂದೇ ಪಕ್ಕದಲ್ಲಿ ಜೋರು ಕೆಳಹೊಟ್ಟೆ ನೋವು, ಭುಜದ ತುದಿಯಲ್ಲಿ ನೋವು, ಕಣ್ಣು ಕತ್ತಲೆ ಬರುವುದು, ಪ್ಯಾಡ್ ನೆನೆಯುವಷ್ಟು ರಕ್ತ, ಇವುಗಳಲ್ಲಿ ಯಾವುದಾದರೂ ಕಂಡರೆ ಹತ್ತು ದಿನ ಕಾಯಬೇಡಿ. ರಾತ್ರಿಯಾದರೂ ಸರಿ, 108ಕ್ಕೆ ಫೋನ್ ಮಾಡಿ. ನೀರು ಕುಡಿದರೂ ನಿಲ್ಲದೆ ವಾಂತಿಯಾಗಿ, ಮೂತ್ರ ಕಡುಹಳದಿಯಾದರೂ ಆಸ್ಪತ್ರೆಗೆ ಹೋಗಲೇಬೇಕು. ಒಂದೆರಡು ಹನಿ ರಕ್ತ ಎಷ್ಟೋ ಜನರಿಗೆ ಕಾಣಿಸಿಕೊಂಡು ನಿಲ್ಲುತ್ತದೆ. ಆದರೂ ಡಾಕ್ಟರಿಗೆ ತಿಳಿಸಿ.

ಪ್ರಶ್ನೆ ಕೇಳಿದವರು: ಎಲ್ಲರಿಗೂ ಧನ್ಯವಾದ. ಗರ್ಭಕೋಶದ ಒಳಗೆ ಎಂದೇ ಬರೆದಿದೆ. ನನಗೂ ಮುಟ್ಟು 34 ದಿನಕ್ಕೊಮ್ಮೆ. ನಾಡಿದ್ದೇ ಬೇರೆ ಕಡೆ ಸ್ಕ್ಯಾನ್ ಮಾಡಿಸಲಾ?

ದಾವಣಗೆರೆಯಿಂದ: ಬೇಡ ತಂಗಿ. ಎರಡು ದಿನದಲ್ಲಿ ಹೊಸದೇನೂ ಸ್ಪಷ್ಟವಾಗಿ ಕಾಣದೇ ಇರಬಹುದು, ಸುಮ್ನೆ ಭಯ ಜಾಸ್ತಿಯಾಗುತ್ತದೆ. ನೋವು, ರಕ್ತ ಇಲ್ಲದಿದ್ದರೆ ಡಾಕ್ಟರ್ ಹೇಳಿದ ದಿನಕ್ಕೇ ಹೋಗಿ. 34 ದಿನದ ಲೆಕ್ಕವನ್ನು ಅವರಿಗೆ ಮರೆಯದೆ ಹೇಳಿ. ಒಬ್ಬರೇ ಹೋಗಬೇಡಿ, ಯಜಮಾನರನ್ನೋ ಅಮ್ಮನನ್ನೋ ಕರೆದುಕೊಂಡು ಹೋಗಿ.